ಎಡೆಲ್ಮಿರಾಳ ಕುದುರೆ
ನಮ್ಮ ಅಸ್ತೋರ್ಗಾದಲ್ಲಿ ಇಸ್ಪೀಟಾಡುವ ಮುದುಕರಿಗೆ ಬರವಿಲ್ಲ, ಆದರೆ ಸೆವೆರಿಯಾನೊನಂಥವನು ಒಬ್ಬನೇ. ಅವನ ಎಲೆಗಳು ಹಿಂದೆ ಚಾಕೊಲೇಟ್ ಕಂಪನಿಯವರು ಜಾಹೀರಾತಿಗೆಂದು ಪೊಟ್ಟಣಕ್ಕೊಂದರಂತೆ ಪುಕ್ಕಟೆ ಹಂಚಿದವು. ಅವನ್ನು ಕೂಡಿಸಲು ಅವನು ಬಾಲ್ಯದಲ್ಲಿ ತಿಂದ ಚಾಕೊಲೇಟಿನಿಂದ ನಮ್ಮ ಕ್ಯಾಥೆಡ್ರಲ್ಲಿಗೆ ಎರಡು ಸಲ ಗಾರೆ ಮಾಡಬಹುದಿತ್ತು. ಮದುವೆಯ ದಿನವೂ ಇರುವೆಗಳು ಸಾಲುಗಟ್ಟಿ ಅವನ ಹಿಂದೆ ಬಂದಿದ್ದವು. ದಿನಾ ಕಡಲೆ-ಮಾಂಸದ ಊಟ ಮುಗಿಸಿ ಬಾರ್‌ಗೆ ಬಂದು, ನಮ್ಮ ಕೈಗಳನ್ನು ಪಾದ್ರಿಯಂತೆ ಪರೀಕ್ಷಿಸಿ, "ಜಿಡ್ಡು ಕೈಲಿ ಮುಟ್ಟಿದ್ರೆ ಬೆರಳು ಕತ್ತರಿಸ್ತೀನಿ ನೋಡ್ರಯ್ಯಾ" ಎಂದೇ ಎಲೆ ಹಂಚುತ್ತಾನೆ. ಕಟ್ಟಿನ ನಲವತ್ತು ಎಲೆಗಳಲ್ಲಿ ಒಂದು ಮಾತ್ರ ಕಂಪನಿಯದಲ್ಲ. ಎಷ್ಟು ಪೊಟ್ಟಣ ಒಡೆದರೂ ನಮ್ಮ ಇಸ್ಪೀಟಿನ ಬಟ್ಟಲು ಗುಂಪಿನ ಕುದುರೆ ಎಲೆ ಸಿಗದೆ ಅತ್ತವನಿಗೆ ತಂಗಿ ಎಡೆಲ್ಮಿರಾ ರಟ್ಟಿನ ಮೇಲೆ ಬರೆದುಕೊಟ್ಟದ್ದು ಅದು. ಆ ಕುದುರೆಗೆ ಐದು ಕಾಲು; ಉಳಿದ ಎಲೆಗಳ ಬೆನ್ನಿಗೆಲ್ಲ ಕಂಪನಿಯ ಅಚ್ಚು, ಅದರ ಬೆನ್ನು ಬೋಳು. ಅದೇ ಚಳಿಗಾಲ ಮುಗಿಯುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು. ಹೋದ ಭಾನುವಾರ ಹಳೆ ಸಾಮಾನು ಮಾರುವ ಕ್ರಿಸಾಂತೊ ಎಲ್ಲಿಂದಲೋ ಅಚ್ಚಿನ ಕುದುರೆಯನ್ನೇ ಹುಡುಕಿ ತಂದು, "ತಗೋ ಮಾರಾಯ, ಕಟ್ಟು ಪೂರ್ತಿಯಾಯ್ತು, ಆ ರಟ್ಟು ಬಿಸಾಕು" ಎಂದ. ಸೆವೆರಿಯಾನೊ ಬಹಳ ಹೊತ್ತು ನೋಡಿ ಮರಳಿಸಿದ: "ಚೆನ್ನಾಗಿದೆ ಕಣಯ್ಯ. ಆದ್ರೆ ಅವಳ ಕುದುರೇನ ಎಲ್ಲಿ ಕಟ್ಟಲಿ?" "ಅದರ ಬೋಳು ಬೆನ್ನು ನೋಡಿದ್ರೇ ಯಾರ ಕೈಲಿದೆ ಅಂತ..." ಎನ್ನುತ್ತಿದ್ದ ಕ್ರಿಸಾಂತೊನ ಕಾಲನ್ನು ಜೊತೆಗೆ ಆಡುವ ನಾವು ಮೂವರೂ ಮೇಜಿನ ಕೆಳಗೆ ತುಳಿದೆವು. ಮೂವತ್ತು ವರ್ಷದಿಂದ ಆ ಬೆನ್ನು ನಮ್ಮಲ್ಲಿ ಯಾರಿಗೂ ಕಂಡಿಲ್ಲ. ಮುಂದಿನ ಆಟಕ್ಕೆ ನಾನೆದ್ದು ಕ್ರಿಸಾಂತೊನಿಗೆ ಜಾಗ ಕೊಟ್ಟೆ. ಎಲೆ ಹಂಚಿದ ಮೇಲೆ ಸೆವೆರಿಯಾನೊನ ಕೈಯಲ್ಲಿ ಆ ಬೋಳು ರಟ್ಟು ಎದ್ದು ಕಾಣುತ್ತಿತ್ತು. ಕ್ರಿಸಾಂತೊ ಒಂದು ಗಳಿಗೆ ಅದನ್ನೇ ನೋಡಿದ, ಆಮೇಲೆ ಕುದುರೆ ಹೊಡೆಯಲು ಕಾದಿದೆಯೆಂದು ಗೊತ್ತಿದ್ದೂ ಅದರ ಬಾಯಿಗೇ ತನ್ನ ಎಲೆ ಇಳಿಸಿ, "ಅಯ್ಯೋ, ಇದೆಲ್ಲಿತ್ತೋ!" ಎಂದು ಸೋತ.