ಬ್ಯಾಟರಿ ಡಬ್ಬದ ಸೊಪ್ಪು

ಬೀದಿಯವರ ಬಾಯಲ್ಲಿ ಅವನು ಬ್ಯಾಟರಿ ತಾತ. ಲಾರಿ, ಕಾರುಗಳ ಸತ್ತ ಬ್ಯಾಟರಿ ಬಿಚ್ಚಿ, ಒಳಗಿನ ಸೀಸದ ತಟ್ಟೆ ಬದಲಿಸಿ, ಮತ್ತೆ ಜೀವ ತುಂಬುವುದರಲ್ಲೇ ಆಯುಸ್ಸು ಕಳೆದವನು. ಏನನ್ನಾದರೂ ಬಿಸಾಡುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಹರಿದ ಚಪ್ಪಲಿಗೂ ಆ ಮನೆಯಲ್ಲಿ ಮೋಕ್ಷವಿರಲಿಲ್ಲ.

ಅಂಗಡಿ ಮುಚ್ಚಿದಾಗ ಉಳಿದದ್ದು ಗೋಡೆಯೆತ್ತರಕ್ಕೆ ಪೇರಿಸಿದ ಖಾಲಿ ಬ್ಯಾಟರಿ ಡಬ್ಬಗಳು. ಅವಕ್ಕೆ ಮಣ್ಣು ತುಂಬಿ, ತಾರಸಿಯಲ್ಲಿ ಸಾಲಾಗಿ ಇಟ್ಟು, ಸೊಪ್ಪು, ಮೂಲಂಗಿ ಬಿತ್ತಿದ. ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸವೇನಲ್ಲ. ಕಸುಬಿನಲ್ಲಿ ಬೆರಳು ಸುಟ್ಟದ್ದು, ಅಂಗಿ ತೂತಾದದ್ದು ಎಲ್ಲ ಆಸಿಡ್‌ನಿಂದ. ಅದಕ್ಕೇ ಪ್ರತಿ ಡಬ್ಬವನ್ನೂ ತಿಕ್ಕಿ ತೊಳೆದು, ತನ್ನ ಕಸುಬಿನವರ ಪದ್ಧತಿಯಂತೆ ಅಡುಗೆ ಸೋಡಾ ಉದುರಿಸಿ ನೋಡಿದ್ದ. ಆಸಿಡ್ ಉಳಿದಿದ್ದರೆ ನೊರೆ ಏಳಬೇಕು; ಏಳಲಿಲ್ಲ. ಆಸಿಡ್ ಹೋಯಿತೆಂದರೆ ಅವನ ಲೆಕ್ಕದಲ್ಲಿ ವಿಷವೂ ಹೋದಂತೆ. ತಳದ ಮೂಲೆಗಳಲ್ಲಿ ಬೂದು ಪುಡಿ ಅಂಟಿಕೊಂಡದ್ದು ಕಾಣದೇ ಇರಲಿಲ್ಲ. ಜೀವಮಾನವಿಡೀ ಉಗುರುಸಂದಿಯಲ್ಲೇ ಇದ್ದ ಪುಡಿಗೆ ಯಾರು ಹೆದರುತ್ತಾರೆ?

ಸೊಪ್ಪು ದಟ್ಟವಾಗಿ ಬಂತು. “ಔಷಧಿ ಇಲ್ಲ, ಗಿವುಷಧಿ ಇಲ್ಲ. ಅಪ್ಪಟ ಊಟ!” ಎಂದು ಬಂದವರ ಮುಂದೆಲ್ಲ ಮೀಸೆ ತಿರುವಿದ. ಪೇಟೆಯ ತರಕಾರಿ ಹೊಸ್ತಿಲು ದಾಟುವುದು ನಿಂತಿತು. ಮೊಮ್ಮಗಳು ಪುಟ್ಟಿ ಮಣ್ಣಲ್ಲೇ ಆಡುತ್ತ, ಮೂಲಂಗಿ ಕಿತ್ತು, ಲಂಗಕ್ಕೆ ಒರೆಸಿ ಕಚ್ಚುತ್ತಿದ್ದಳು.

ಬರಬರುತ್ತ ಪುಟ್ಟಿ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತತೊಡಗಿದಳು. ಹೊಟ್ಟೆ ನೋವೆಂದು ಮುದುಡಿ ಮಲಗುವಳು. ಮುಖ ಬಿಳಿಚಿಕೊಂಡಿತು. ಬೀದಿಯ ಡಾಕ್ಟರು ಕಣ್ಣರೆಪ್ಪೆ ಎಳೆದು ನೋಡಿ, “ರಕ್ತ ಕಮ್ಮಿ ಇದೆ, ಸೊಪ್ಪು ಚೆನ್ನಾಗಿ ತಿನ್ನಿಸಿ” ಎಂದರು.

“ನಮ್ಮನೇಲಿ ಸೊಪ್ಪಿಗೆ ಬರಾನಾ!” ಎಂದು ತಾತ ನಕ್ಕ. ಅಂದಿನಿಂದ ಪುಟ್ಟಿಯ ತಟ್ಟೆಯಲ್ಲಿ ಸೊಪ್ಪಿನ ಗುಡ್ಡೆ ಬೆಳೆಯಿತು. ಅವಳು ಬೇಡವೆಂದು ಬಾಯಿ ಬಿಗಿದರೆ ಮುದ್ದು ಮಾಡಿ, ಕಥೆ ಹೇಳಿ ತುತ್ತಿಡುತ್ತಿದ್ದ.

ಒಂದು ದಿನ ಪುಟ್ಟಿ ಎಚ್ಚರ ತಪ್ಪಿ ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಕಳೆದವು. ಅಲ್ಲಿನ ಡಾಕ್ಟರಮ್ಮ ರಕ್ತದ ವರದಿ ಹಿಡಿದು ಬಂದರು.

“ಮನೇಲಿ ಯಾರಾದ್ರೂ ಸೀಸದ ಕೆಲಸ ಮಾಡ್ತಾರಾ?”

“ನಾನೇ ಮಾಡ್ತಿದ್ದೆ ಡಾಕ್ಟ್ರೇ. ಬಿಟ್ಟು ಎಷ್ಟೋ ಕಾಲ ಆಯ್ತು. ಈಗ ಬರೀ ಡಬ್ಬಗಳಿವೆ, ಅದ್ರಲ್ಲಿ ಸೊಪ್ಪು...” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. “ಸೋಡಾ ಹಾಕಿ ನೋಡಿದ್ದೆ. ನೊರೆ ಬರ್ಲಿಲ್ಲ.”

“ಸೋಡಾಗೆ ಸೀಸ ಗೊತ್ತಾಗಲ್ಲ ತಾತ. ಅದು ಮಣ್ಣಿಗಿಳಿದು, ಸೊಪ್ಪಿಗೇರಿ, ಮಗು ರಕ್ತ ಸೇರಿದೆ. ಔಷಧಿ ಶುರು ಮಾಡಿದೀವಿ. ಮಗು ಮೊದಲಿನ ಹಾಗಾಗ್ತಾಳೆ ಅಂತ ಮಾತ್ರ ಈಗ್ಲೇ ಹೇಳೋಕಾಗಲ್ಲ.”

ತಾತ ಮಂಚದ ಪಕ್ಕದ ಬೆಂಚಿನ ಮೇಲೆ ಕುಳಿತ. ಡಾಕ್ಟರಮ್ಮನ ಕಣ್ಣು ಮಂಚದ ಆಚೆ, ಮಗಳು ಪುಟ್ಟಿಯ ಕಾಲು ನೀವುತ್ತಿದ್ದ ತಾತನ ಸೊಸೆಯ ಮೇಲೆ ಹೋಯಿತು. ಅವಳ ತುಂಬಿದ ಹೊಟ್ಟೆಯ ಮೇಲೆ ನಿಂತಿತು.

“ನೀವೂ ಅದೇ ಸೊಪ್ಪು ತಿಂತಿದ್ರೇನಮ್ಮಾ?”

ಸೊಸೆಯ ಕೈ ತಾನಾಗಿ ಹೊಟ್ಟೆಗೆ ಹೋಯಿತು. “ದಿನಾ ತಿಂತೀನಿ. ಬಸುರಿ ಅಂತ ಮಾವ ನಂಗೆ ಇನ್ನೊಂದು ಪಾಲು ಜಾಸ್ತಿ ಬಡಿಸ್ತಾರೆ.”

ಅವಳು ಮಾವನ ಕಡೆ ತಿರುಗಲಿಲ್ಲ. ಅವಳಿಗೆಂದು ಬೆಳಿಗ್ಗೆ ಬೇಯಿಸಿ ತಂದಿದ್ದ ಸೊಪ್ಪು ಅವನ ತೊಡೆಯ ಮೇಲಿನ ಊಟದ ಡಬ್ಬಿಯಲ್ಲಿ ಇನ್ನೂ ಬೆಚ್ಚಗಿತ್ತು.