ಟ್ಯೂಬಿನ ಪಟ್ಟಿ ಕಟ್ಟಿದ ಎಂಜಿನ್

2022ರ ಮಳೆಗಾಲ. ನವಲಗುಂದ ತಾಲೂಕಿನ ಹಳ್ಳಿಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತ ನಾನು ಮೂವತ್ತು ವರ್ಷ ಕಳೆದಿದ್ದೆ. ತಿರ್ಲಾಪುರದ ಹೊರಗೆ ಹೊಲದಲ್ಲಿ ಮನೆ ಕಟ್ಟಿಕೊಂಡಿದ್ದ ಮಹಾದೇವ ಒಂದು ಮುಂಜಾನೆ ಕೆಸರು ತುಳಿದುಕೊಂಡು ನನ್ನ ಮನೆಗೆ ಬಂದ. ಹಳ್ಳ ಬಂದು ನವಲಗುಂದದ ದಾರಿ ಕಟ್ಟಾಗಿತ್ತು, ಕಂಬ ಬಿದ್ದು ಕರೆಂಟು ಹೋಗಿತ್ತು. ಅವನ ತಂದೆ ಫಕೀರಪ್ಪಜ್ಜನ ಉಸಿರು ಆಕ್ಸಿಜನ್ ಯಂತ್ರವನ್ನೇ ನಂಬಿತ್ತು. ಇನ್ವರ್ಟರಿನ ಬ್ಯಾಟರಿ ಮಧ್ಯಾಹ್ನದವರೆಗೂ ಬಾಳುವಂತಿರಲಿಲ್ಲ.

ನನ್ನ ಬಳಿಯಿದ್ದ ಅಲ್ಟರ್ನೇಟರನ್ನು, ಅಂದರೆ ಕರೆಂಟು ಹುಟ್ಟಿಸುವ ಯಂತ್ರವನ್ನು, ಚಕ್ಕಡಿಯಲ್ಲಿ ಒಯ್ದು ಅವನ ಹಳೆಯ ಜೀಪಿನ ಎಂಜಿನ್ನಿಗೆ ಬೆಲ್ಟ್ ಹಾಕಿ ಜೋಡಿಸಿದೆ. ಭಾರ ಹೆಚ್ಚು ಕಡಿಮೆಯಾದಾಗ ವೇಗವನ್ನು ತಾನೇ ಹಿಡಿದಿಡುವ ಗವರ್ನರ್ ಅದಕ್ಕಿರಲಿಲ್ಲ.

“ಗವರ್ನರ್ ಇಲ್ದ ನಡೀತೈತೇನ್ರಿ ಕಾಕಾ?” ಎಂದ ಮಹಾದೇವ.

“ನನ್ನ ಕಿವೀನ ಮೀಟರ್. ಸುಮ್ನಿರಲೇ.”

ನೀರೆತ್ತುವ ಎಂಜಿನ್ನಿಗೆ ಭಾರ ಒಂದೇ ಸಮ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಕ್ಸಿಲೇಟರ್ ಬಿಗಿದುಬಿಟ್ಟರೆ ದಿನವಿಡೀ ಓಡುತ್ತದೆ. ಇಲ್ಲಿಯೂ ಹಾಗೇ ಬಿಗಿದೆ. ಆಕ್ಸಿಜನ್ ಯಂತ್ರ, ಟಾಕಿಗೆ ನೀರೇರಿಸುವ ಮೋಟಾರು ಎರಡೂ ನಡೆಯುತ್ತಿದ್ದಾಗ 230 ವೋಲ್ಟ್ ಬಂತು.

“ಲೇ ಇಮಾಮ, ನನಕಿಂತ ನಿನ್ನ ಎಂಜಿನ್ನಿಗೇ ದಮ್ಮು ಜಾಸ್ತಿ ಐತಲ್ಲೋ,” ಎಂದು ಅಜ್ಜ ಏದುಸಿರಿನಲ್ಲೇ ನಕ್ಕ.

ನಾನು ಎಕ್ಸಿಲೇಟರ್ ಮೇಲೆ ಕೈ ಇಟ್ಟು ಕೂರಬೇಕಿತ್ತು. ಮೋಟಾರು ಆರಿಸಬೇಡಿರೆಂದು ಹೇಳಲೂ ಇಲ್ಲ. ರೊಟ್ಟಿ ತಿನ್ನಲು ಒಳಗೆ ಹೋದೆ. ಟಾಕಿ ತುಂಬಿತು. ಮಹಾದೇವನ ಹೆಂಡತಿ ಶಾಂತಾ ಮೋಟಾರಿನ ಸ್ವಿಚ್ ಆರಿಸಿದಳು. ಭಾರ ತಪ್ಪಿದ ಎಂಜಿನ್ ಕಿರುಚಿತು, ವೋಲ್ಟೇಜ್ ಏರಿ ಬಲ್ಬುಗಳು ಒಡೆದವು, ಆಕ್ಸಿಜನ್ ಯಂತ್ರದಿಂದ ಹೊಗೆ ಬಂತು.

ಅಜ್ಜನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಹೊರಟರು. ಹಳ್ಳ ದಾಟಲು ಆಗಲಿಲ್ಲ. ಮಗನ ತೊಡೆಯ ಮೇಲೆಯೇ ಅಜ್ಜ ತೀರಿಕೊಂಡ.

ಅವರು ತಿರುಗಿ ಬರುವುದರೊಳಗೆ ನಾನು ಟ್ಯೂಬಿನ ಪಟ್ಟಿ ಬಿಚ್ಚಿ ಕಿಸೆಗೆ ಹಾಕಿಕೊಂಡಿದ್ದೆ. ನೆರೆದ ಜನ ಏನಾಯಿತೆಂದು ಕೇಳಿದಾಗ, “ಆಕಿ ಸ್ವಿಚ್ ಆರ್ಸಿದ್ಲು. ಅದಕ್ಕ ಸುಟ್ಟತು,” ಎಂದೆ. ಅದು ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು.

ಹೋದ ತಿಂಗಳು ಶಾಂತಾಳಿಗೆ ಎಲ್ಲ ಹೇಳಿದೆ.

“ಅವತ್ತಿಂದ ಮನ್ಯಾಗ ನನಗ ಒಂದು ಸ್ವಿಚ್ ಮುಟ್ಟಗೊಟ್ಟಿಲ್ರಿ ಕಾಕಾ. ಆವಾಗ ಎಲ್ಲಾರ ಮುಂದ ಅಂದಿದ್ರಿ. ಈಗ ನನ್ನ ಕಿವ್ಯಾಗ ಯಾಕ ಹೇಳ್ತೀರಿ? ಎಲ್ಲಾರ ಮುಂದ ಹೇಳ್ರಿ.”

ಯಂತ್ರ ಕೆಟ್ಟಾಗ ಕೊನೆಗೆ ಮುಟ್ಟಿದವರನ್ನಲ್ಲ, ಕಟ್ಟಿದವನನ್ನು ಮೊದಲು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ. ಆದ್ದರಿಂದ ಎಲ್ಲರ ಮುಂದೆ ಬರೆಯುತ್ತಿದ್ದೇನೆ: ಫಕೀರಪ್ಪಜ್ಜನ ಉಸಿರು ನಿಲ್ಲಿಸಿದ್ದು ಶಾಂತಾ ಅಲ್ಲ. ನಾನು.