ಡ್ರೈವರಮ್ಮ ಮತ್ತು ತಿರುಗುವ ಶಿಲುಬೆ

ಸೈನಿಕ ಶಿಬಿರದ ಶಾಲಾ ಬಸ್ಸು ಓಡಿಸುವವಳನ್ನು ಕರ್ನಲ್ ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಗಂಡ ಅಲ್ಲೇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಅವನು ರಿಪೇರಿ ಮಾಡಿದ ಗಾಡಿಯನ್ನು ತಾನೊಮ್ಮೆ ಓಡಿಸಿ ನೋಡುವವರೆಗೆ ಅದು ರಿಪೇರಿಯಾಗಿದೆಯೆಂದು ಅವಳು ಒಪ್ಪುತ್ತಿರಲಿಲ್ಲ. ಗಂಟಲು ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಬಸ್ಸಿನಲ್ಲಿ ಯಾರಾದರೂ ಬಾಲ ಬಿಚ್ಚಿದರೆ ಕನ್ನಡಿಯಲ್ಲೇ ಒಂದು ಸಲ ಕಣ್ಣರಳಿಸುತ್ತಿದ್ದಳು, ಅಷ್ಟೇ ಸಾಕಾಗುತ್ತಿತ್ತು.

ಶಿಬಿರದಲ್ಲಿ ಪ್ರಾರ್ಥನಾ ಮಂದಿರ ಒಂದೇ, ಸಭೆಗಳು ಎರಡು. ಭಾನುವಾರ ಮೊದಲು ಫಾದರ್ ಬಂದು ಕ್ಯಾಥೊಲಿಕರಿಗಾಗಿ ಪೂಜೆ ಅರ್ಪಿಸುತ್ತಿದ್ದರು, ಆಮೇಲೆ ಪಾಸ್ಟರ್ ಬಂದು ಪ್ರಾಟೆಸ್ಟೆಂಟರಿಗೆ ಆರಾಧನೆ ನಡೆಸುತ್ತಿದ್ದರು. ಪೂಜೆಯವರಿಗೆ ಶಿಲುಬೆಯ ಮೇಲೆ ಯೇಸುಸ್ವಾಮಿಯ ಮೂರ್ತಿ ಇರಬೇಕು, ಆರಾಧನೆಯವರಿಗೆ ಬರಿಯ ಶಿಲುಬೆಯೇ ಆಗಬೇಕು. ಇಬ್ಬರ ಮನಸ್ಸನ್ನೂ ಉಳಿಸಲು ಹಿಂದೆ ಯಾರೋ ಬುದ್ಧಿವಂತ ಬಡಗಿ ಒಂದು ಉಪಾಯ ಹೂಡಿದ್ದ. ಗೋಡೆಯ ಗೂಡಿನಲ್ಲಿ ನಿಂತ ಶಿಲುಬೆಯ ಒಂದು ಮುಖದಲ್ಲಿ ಮೂರ್ತಿ, ಇನ್ನೊಂದು ಮುಖ ಬರಿದು. ಗೋಡೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಒಂದು ಕಬ್ಬಿಣದ ಹಿಡಿ. ಅದನ್ನು ‘ಟಕ್’ ಎನ್ನುವವರೆಗೆ ತಿರುಗಿಸಿದರೆ ಹಿಂದಿನ ಮುಖ ಮುಂದಕ್ಕೆ ಬರುತ್ತಿತ್ತು. ಆ ಹೊತ್ತಿನಲ್ಲಿ ಗೂಡಿಗೆ ಪರದೆ ಎಳೆದಿರುತ್ತಿತ್ತು. ಪರದೆ ಸರಿಸುವವರೆಗೆ ಮುಂದೆ ಯಾವ ಮುಖವಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಪೂಜೆಯಾದ ಮೇಲೆ ತಿರುಗಿಸುವುದು ಪೂಜೆಯವರ ಮಕ್ಕಳ ಪಾಳಿ, ಆರಾಧನೆಯಾದ ಮೇಲೆ ಮತ್ತೆ ತಿರುಗಿಸುವುದು ಆರಾಧನೆಯವರ ಮಕ್ಕಳದು.

ಡ್ರೈವರಮ್ಮ ಹುಟ್ಟಿದ್ದು ಪೂಜೆಯವರ ಮನೆಯಲ್ಲಿ, ಸೇರಿದ್ದು ಆರಾಧನೆಯವರ ಮನೆಯನ್ನು. ಭಾನುವಾರ ಎರಡಕ್ಕೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಯಾರಾದರೂ ಮೂಗು ಮುರಿದರೆ, “ಅತ್ತೆ ಮನೆ ಸೇರಿದ್ದಕ್ಕೆ ಅಮ್ಮನ್ನ ಮರೀಬೇಕಾ?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ನಿಜವಾದ ಹೆಮ್ಮೆ ಇದ್ದದ್ದು ಶನಿವಾರ ಸಂಜೆ ಮಂದಿರದ ಹಿಂದಿನ ಹಾಲಿನಲ್ಲಿ ಸೇರುವ ಹದಿಹರೆಯದವರ ಕೂಟದ ಮೇಲೆ. ಸೈನಿಕರ ಮಕ್ಕಳ ಕಷ್ಟವೇ ಬೇರೆ. ಸ್ನೇಹ ಕಟ್ಟಿಕೊಳ್ಳುವ ಹೊತ್ತಿಗೆ ಪೆಟ್ಟಿಗೆ ಕಟ್ಟಬೇಕು. ಹೊಸ ಹುಡುಗನೊಬ್ಬ ದಿನಗಟ್ಟಲೆ ಯಾರೊಡನೆಯೂ ಮಾತಾಡದೆ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂರುವುದನ್ನು ಕನ್ನಡಿಯಲ್ಲಿ ನೋಡಿಯೇ ಅವಳು ಈ ಕೂಟ ಶುರುಮಾಡಿದ್ದು. “ಬಸ್ ಹತ್ತುವಾಗ ನಿನ್ನದು ಯಾವ ಸಭೆ ಅಂತ ಕೇಳಿದ್ನಾ? ಸೀಟಿದೆ, ಕೂತ್ಕೋ” ಎಂದೇ ಇಲ್ಲಿಗೂ ಕರೆದಿದ್ದಳು. ಹಾಡು, ಬೈಬಲ್ ಓದು, ನಡುನಡುವೆ ಜಗಳವೂ ಉಂಟು. ಮಾತೆ ಮರಿಯಮ್ಮನ ವಿಷಯಕ್ಕೋ ಸಂತರ ವಿಷಯಕ್ಕೋ ಮಾತು ಬಿಸಿಯೇರಿದರೆ ಅವಳದೊಂದು ಕಟ್ಟಳೆ ಇತ್ತು: ಎದುರಿನವರ ಮಾತನ್ನು ಮೊದಲು ನೀನು ಹೇಳು, “ಹೌದು, ನಾನು ಹೇಳಿದ್ದು ಇದೇ” ಎಂದು ಅವರು ಒಪ್ಪಿದ ಮೇಲೆ ನಿನ್ನ ಮಾತು. ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತು. ಇನ್ನೊಂದು ಕಟ್ಟಳೆ: ಯಾರ ಮನೆಗೆ ವರ್ಗದ ಆರ್ಡರ್ ಬಂದರೂ ಕೂಟದವರೆಲ್ಲ ಹೋಗಿ ಸಾಮಾನು ಕಟ್ಟಿಕೊಡಬೇಕು.

ಈ ಕೂಟ ಇಬ್ಬರು ಹಿರಿಯರ ಕಣ್ಣಿಗೆ ಬಿದ್ದಿತ್ತು. ಪೂಜೆಯವರ ಹಿರಿಯ ಶಿಬಿರದ ಸ್ಟೋರ್‌ಕೀಪರ್, ಆರಾಧನೆಯವರ ಹಿರಿಯ ಬ್ಯಾಂಡ್ ಮಾಸ್ಟರ್. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬ್ಯಾಂಡ್ ಮಾಸ್ಟರರ ಮಗಳು ಒಂದು ದಿನ ಊಟಕ್ಕೆ ಮೊದಲು ಪೂಜೆಯವರಂತೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. ಅವರಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅತ್ತ ಸ್ಟೋರ್‌ಕೀಪರರ ಮಗ ಆರಾಧನೆಯವರಂತೆ ಕಣ್ಣು ಮುಚ್ಚಿ ಸ್ವಂತ ಮಾತಿನಲ್ಲಿ ಪ್ರಾರ್ಥನೆಗೆ ತೊಡಗಿ, ಸಾರು ಆರಿದರೂ ಆಮೆನ್ ಹೇಳಲಿಲ್ಲ. ಕೂಟವನ್ನು ಎರಡು ಮಾಡಿ ತಮ್ಮ ತಮ್ಮ ಮಕ್ಕಳನ್ನು ತಾವು ನೋಡಿಕೊಳ್ಳಬೇಕೆಂಬ ಒಂದೇ ಒಂದು ವಿಷಯದಲ್ಲಿ ಈ ಇಬ್ಬರಿಗೂ ಒಮ್ಮತವಿತ್ತು. ಒಂದು ನೆಪ ಬೇಕಾಗಿತ್ತು, ಅಷ್ಟೇ.

ಅದೇ ಹೊತ್ತಿಗೆ ಡ್ರೈವರಮ್ಮನ ಗಂಡನಿಗೂ ವರ್ಗದ ಆರ್ಡರ್ ಬಂತು. ಅವಳು ಯಾರಿಗೂ ಹೇಳಲಿಲ್ಲ. ತಾನು ಹೊರಟರೆ ಕೂಟವನ್ನು ಇಬ್ಬರು ಹಿರಿಯರೂ ಮರುದಿನವೇ ಸೀಳಿ ಹಂಚಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಯಾವುದಕ್ಕೂ ಜಗ್ಗದ ಹೆಂಗಸು ಆ ವಾರ ಬಸ್ಸನ್ನು ತಪ್ಪು ಗೇರಿನಲ್ಲಿ ಎಳೆದಳು.

ನೆಪ ಆ ಭಾನುವಾರವೇ ಸಿಕ್ಕಿತು. ಕೂಟದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿಯ ಮನೆಯವರು ಅಂದು ಊರು ಬಿಡುವವರಿದ್ದರು. ಸಾಮಾನಿನ ಲಾರಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ಪೂಜೆ ಮುಗಿಯುತ್ತಿದ್ದಂತೆ ಪೂಜೆಯವರ ಮಕ್ಕಳೆಲ್ಲ ಅತ್ತ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಆರಾಧನೆ ಶುರುವಾಯಿತು. ಪಾಸ್ಟರ್ ಪರದೆ ಸರಿಸಿದರು. ಬರಿಯ ಶಿಲುಬೆ ಇರಬೇಕಾದಲ್ಲಿ ಮೂರ್ತಿ ನಿಂತಿತ್ತು.

ಬ್ಯಾಂಡ್ ಮಾಸ್ಟರರ ಕಣ್ಣು ಕೆಂಪಾಯಿತು. “ಬೇಕಂತಲೇ ಮಾಡಿದ್ದಾರೆ!” ಎಂದು ಎದ್ದೇಬಿಟ್ಟರು. ಪಾಸ್ಟರ್ ಗಾಬರಿಯಲ್ಲಿ ಪರದೆ ಎಳೆದರು. ಸುದ್ದಿ ಕಿವಿಗೆ ಬಿದ್ದ ಸ್ಟೋರ್‌ಕೀಪರ್ ಅವರಿಗಿಂತ ಹೆಚ್ಚು ಉರಿದುಬಿದ್ದರು. “ನಮ್ಮ ಸ್ವಾಮಿ ಮುಖಕ್ಕೆ ಪರದೆ ಎಳೀತಾರಾ? ಅಷ್ಟು ಬೇಡವಾದ್ರಾ ಅವರಿಗೆ?”

ಮರುದಿನ ಸಂಜೆ ಹಾಲಿನಲ್ಲಿ ಕರ್ನಲ್ ಸಾಹೇಬರ ಮುಂದೆ ಎಲ್ಲರೂ ಸೇರಿದರು. ಶತ್ರುವಿನ ಗುಂಡಿಗೆ ಹೆದರದ ಮನುಷ್ಯ ಈ ಎರಡು ಸಭೆಗಳ ನಡುವೆ ಕೂರಲು ಬೆವರುತ್ತಿದ್ದರು.

“ಕೂಟ ಬೇರೆ ಮಾಡಿಬಿಡಿ ಸಾರ್” ಎಂದರು ಬ್ಯಾಂಡ್ ಮಾಸ್ಟರ್. “ಅವರ ಮಕ್ಕಳು ತಿರುಗಿಸದೆ ಬಿಟ್ಟು ನಮ್ಮನ್ನ ಅವಮಾನ ಮಾಡಿದ್ದಾರೆ.”

ಸ್ಟೋರ್‌ಕೀಪರರ ಮಗ ಎದ್ದು ನಿಂತ. “ನಾನೇ ತಿರುಗಿಸಿದೆ ಅಂಕಲ್. ಪೆಟ್ಟಿಗೆ ಹೊರುವಾಗ ನೆನಪಾಯ್ತು. ನಮ್ಮಿಂದ ನಿಮಗೆ ತೊಂದರೆ ಆಗಬಾರದು ಅಂತ ವಾಪಸ್ ಓಡಿ ಬಂದು ತಿರುಗಿಸಿ ಹೋದೆ. ದೇವರಾಣೆ.”

“ಸುಳ್ಳು ಬೇರೆ!” ಎಂದು ಬ್ಯಾಂಡ್ ಮಾಸ್ಟರ್ ಗುಡುಗುವಷ್ಟರಲ್ಲಿ ಅವರ ಮಗಳೇ ಎದ್ದಳು.

“ಸುಳ್ಳಲ್ಲಪ್ಪ. ಅದಕ್ಕೂ ಮೊದಲು ನಾನು ತಿರುಗಿಸಿದ್ದೆ. ಅವರು ಪಾಪ ಲಾರಿ ಹತ್ರ ಇದ್ರು. ಅವರ ಪಾಳಿ ನಾವೇ ಮಾಡಿದ್ರಾಯ್ತು ಅಂದ್ಕೊಂಡೆ. ಅವನು ಮತ್ತೆ ಬರ್ತಾನೆ ಅಂತ ಕನಸು ಬಿದ್ದಿತ್ತಾ?”

ಬೆರಳಲ್ಲಿ ಗಾಳಿಯಲ್ಲೇ ಹಿಡಿ ತಿರುಗಿಸಿ ನೋಡಿದ ಡ್ರೈವರಮ್ಮ, ಕರ್ನಲ್ ಸಾಹೇಬರಿದ್ದಾರೆನ್ನುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಎರಡು ಸಲ ತಿರುಗಿಸಿದ್ದಾರೆ ಸಾರ್! ಇವಳು ಅವರಿಗೋಸ್ಕರ, ಅವನು ಇವರಿಗೋಸ್ಕರ. ಸ್ವಾಮಿ ಒಂದು ಸುತ್ತು ಹಾಕಿ ಇದ್ದಲ್ಲಿಗೇ ಬಂದಿದ್ದಾರೆ.” ಆಮೇಲೆ ಕಣ್ಣೊರೆಸಿಕೊಂಡಳು. ಅದು ನಗುವಿನ ನೀರು ಮಾತ್ರ ಆಗಿರಲಿಲ್ಲ. “ನಮಗೂ ವರ್ಗ ಆಗಿದೆ. ನಾನು ಹೋದ್ಮೇಲೆ ಈ ಕೂಟ ಉಳಿಯಲ್ಲ ಅಂತ ಹೆದರಿ ಬಾಯಿ ಬಿಟ್ಟಿರಲಿಲ್ಲ. ಇದನ್ನ ಮಾಡಿ ಅಂತ ನಾನು ಇವರಿಗೆ ಹೇಳಿಕೊಟ್ಟಿಲ್ಲ ಸಾರ್. ನಾನು ಆವಾಗ ಸಾಮಾನು ಕಟ್ಟೋಕೆ ಬಸ್ಸಲ್ಲಿ ಹಗ್ಗ ಹುಡುಕ್ತಿದ್ದೆ. ಇನ್ನು ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ. ಬೇರೆ ಮಾಡೋದಾದ್ರೆ ಈ ಮಕ್ಕಳ ಮುಖ ನೋಡ್ಕೊಂಡು ಮಾಡಿ.”

ಹಿರಿಯರಿಬ್ಬರೂ ಮಕ್ಕಳ ಮುಖ ನೋಡಲಿಲ್ಲ, ನೆಲ ನೋಡಿದರು. ಕರ್ನಲ್ ಸಾಹೇಬರು ಗಂಟಲು ಸರಿಪಡಿಸಿಕೊಂಡರು. “ದೇವರ ವಿಷಯಕ್ಕೆ ನಾನು ಆರ್ಡರ್ ಕೊಡೋಕಾಗಲ್ಲ. ಹಿಡಿ ವಿಷಯಕ್ಕೆ ಕೊಡಬಹುದು. ಇನ್ಮೇಲೆ ಅದನ್ನ ನೀವಿಬ್ಬರೂ ಹಿರಿಯರೇ ನಿಂತು ತಿರುಗಿಸಿ. ಕೂಟದ ಮಾತು, ಇವರು ಊರು ಬಿಡೋ ಮೊದಲು ನೀವೇ ಕೂತು ತೀರ್ಮಾನಿಸಿ.”

ಆಮೇಲಿನ ಭಾನುವಾರಗಳಲ್ಲಿ ಆ ಚಿಕ್ಕ ಕೋಣೆಯಲ್ಲಿ ಇಬ್ಬರು ಹಿರಿಯರು ಬಿಮ್ಮಗೆ ನಿಲ್ಲುವುದನ್ನು ನೋಡಲೆಂದೇ ಮಕ್ಕಳು ಬಾಗಿಲಲ್ಲಿ ಇಣುಕುತ್ತಿದ್ದರು. ಹಿಡಿ ಬಿಗಿ, ಮಕ್ಕಳಿಗೆ ಬಗ್ಗಿದಂತೆ ಈ ವಯಸ್ಸಿನವರಲ್ಲಿ ಒಬ್ಬರ ಕೈಗೆ ಬಗ್ಗುತ್ತಿರಲಿಲ್ಲ. ಮೊದಲು ಎಣ್ಣೆ ಹಾಕುವ ವಿಷಯಕ್ಕೆ ಮಾತಾಯಿತು. ಆಮೇಲೆ ಬ್ಯಾಂಡ್ ಮಾಸ್ಟರರ ಮಂಡಿನೋವಿನ ವಿಷಯಕ್ಕೆ, ಸ್ಟೋರ್‌ಕೀಪರರ ಉಬ್ಬಸದ ವಿಷಯಕ್ಕೆ. ಕೂಟದ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಡ್ರೈವರಮ್ಮ ಕೇಳಲೂ ಇಲ್ಲ, ಸುಮ್ಮನೆ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿದಳು.

ಅವಳ ಕೊನೆಯ ಭಾನುವಾರ ಬಂತು. ಲಾರಿ ಮನೆಯ ಮುಂದೆ ನಿಂತಿತ್ತು, ಎರಡೂ ಕಡೆಯ ಮಕ್ಕಳು ಅದಕ್ಕೆ ಸಾಮಾನು ಏರಿಸುತ್ತಿದ್ದರು. ಅವಳು ಎಂದಿನಂತೆ ಪೂಜೆ ಮುಗಿಸಿ, ಆರಾಧನೆಗೂ ಹಿಂದಿನ ಬೆಂಚಿನಲ್ಲೇ ಕೂತಳು. ಪಾಸ್ಟರ್ ಪರದೆ ಸರಿಸಿದರು.

ಮೂರ್ತಿ ನಿಂತಿತ್ತು.

ಡ್ರೈವರಮ್ಮ ಬೆಂಚಿನಿಂದ ಅರ್ಧ ಎದ್ದಳು. ಬಾಗಿಲಲ್ಲಿ ನಿಂತಿದ್ದ ಸ್ಟೋರ್‌ಕೀಪರ್ ಕೈಕೈ ಹಿಸುಕಿಕೊಂಡು, “ಅವರ ಮಂಡಿ ನೋಯುತ್ತಲ್ಲ ಅಂತ ಎಣ್ಣೆ ಬಿಟ್ಟು ನಾನೊಬ್ಬನೇ ತಿರುಗಿಸಿದ್ದೆ...” ಎಂದರು. ಮುಂದಿನ ಬೆಂಚಿನಿಂದ ಬ್ಯಾಂಡ್ ಮಾಸ್ಟರ್ ಮೆಲ್ಲಗೆ ಎದ್ದರು.

“ಇವರಿಗೆ ಉಬ್ಬಸ ಅಲ್ವಾ, ಅದಕ್ಕೆ ನಾನೂ ತಿರುಗಿಸಿಬಿಟ್ಟೆ” ಎಂದರು ಅವರು. ಪರದೆಯ ಹಗ್ಗಕ್ಕೆ ಕೈ ಹಾಕಿದ್ದ ಪಾಸ್ಟರರನ್ನು ಕೈಸನ್ನೆಯಿಂದ ತಡೆದರು. “ಇರಲಿ ಬಿಡಿ. ಇವತ್ತು ಹೀಗೇ ಇರಲಿ.” ಆಮೇಲೆ ಬಾಗಿಲ ಕಡೆಗೆ ತಿರುಗಿ, “ಅಲ್ಲೇನು ನಿಂತಿದ್ದೀರಾ? ಒಳಗೆ ಬಂದು ಕೂತ್ಕೊಳ್ಳಿ. ಶನಿವಾರದ ಕೂಟಕ್ಕೆ ಇನ್ಮೇಲೆ ಯಾರು ಅಂತ ಆಮೇಲೆ ಇಬ್ಬರೂ ಮಾತಾಡೋಣ” ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಸ್ಟೋರ್‌ಕೀಪರ್ ಒಳಗೆ ಬಂದು ಕೂತರು. ಹಾಡು ಶುರುವಾಯಿತು. ಇಡೀ ಶಿಬಿರದಲ್ಲೇ ದೊಡ್ಡ ಗಂಟಲಿನ ಡ್ರೈವರಮ್ಮನಿಗೆ ಅಂದು ಒಂದು ಸಾಲೂ ಹಾಡಲಾಗಲಿಲ್ಲ.